ಫಕೀರವ್ವನ ಖಾನಾವಳಿಗೆ ಪೋರ್ಟಲ್ ಬುದ್ಧಿ

ನಗೋರೆಲ್ಲ ಮುಂದೆ ಬರ್ರಿ, ಕೆಮ್ಮೋರು ಹಿಂದೆ ಕೂಡ್ರಿ!

ಬಸ್ ಸ್ಟ್ಯಾಂಡ್ ಹತ್ತಿರ ಫಕೀರವ್ವನ ರೊಟ್ಟಿ ಖಾನಾವಳಿ. ಎದುರಿಗೆ ಪರಪ್ಪ ಬಣ್ಣದ ಲೈಟಿನ ಹೋಟೆಲ್ ತೆಗೆದ. ಗಿರಾಕಿಗಳೆಲ್ಲ ಆ ಕಡೆ! ಒಲೆ ಆರಿದರೆ ಬದುಕು ಹೆಂಗೆ ಅಂತ ಫಕೀರವ್ವನಿಗೆ ನಿದ್ದೆಯಿಲ್ಲ. ಇದ್ದೊಬ್ಬ ಮಗ ಶಿದ್ಯಾ. ಹೇಳಿದ್ದನ್ನು ಹೇಳಿದಂಗೇ ಮಾಡುವವ. ಅದೇ ಅವಳ ಕರ್ಮ!

"ಶಿದ್ಯಾ, ನಿಮ್ಮ ಶೇಖಪ್ಪ ಮಾವ ಹುಬ್ಬಳ್ಳ್ಯಾಗ ವೆಬ್ ಪೋರ್ಟಲ್ ನಡಸ್ತಾನ. ಮಂದಿ ಹೆಂಗ ಸೇರಸ್ತಾನ ಕೇಳ್ಕೊಂಡು ಬಾ. ಹೇಳಿದಂಗ ಮಾಡು!"

ಮಾವ ಹೇಳಿದ: "ಸುದ್ದಿ, ಭವಿಷ್ಯ, ಕ್ರಿಕೆಟ್ ಸ್ಕೋರು, ಎಲ್ಲಾ ಪುಕ್ಕಟ ಕೊಡ್ತೀನೋ. ಮಂದಿ ತಾವs ಬರ್ತಾರ."

ಶಿದ್ಯಾ ಬಂದವನೇ ರೊಟ್ಟಿ ಪುಕ್ಕಟ, ಪಲ್ಯ ಪುಕ್ಕಟ, ಮೊಸರೂ ಪುಕ್ಕಟ! ಡ್ರೈವರು ಬಸ್ ನಿಲ್ಲಿಸಿ, ಪ್ರಯಾಣಿಕರ ಸಮೇತ ಬಂದು ಉಂಡ. ಮಧ್ಯಾಹ್ನಕ್ಕೆ ಹಿಟ್ಟಿನ ಡಬ್ಬಿ ಖಾಲಿ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ರೊಕ್ಕ ಎಲ್ಲೋ?"

"ಮಾವ ಹೇಳಿದಂಗ ಮಾಡೀನಿ ಬೇ!"

ಮಾವ ಫೋನಿನಲ್ಲಿ ಬೈದ: "ಪೆದ್ದ! ರೊಕ್ಕ ಕೊಡೋರು ಅಂಗಡಿಯವರು. ಅವರ ಜಾಹೀರಾತು ಮಂದಿ ಕಣ್ಣ ಮುಂದ ಹಿಡೀಬೇಕು!"

ಶಿದ್ಯಾ ಟೈರ್ ಅಂಗಡಿಯ ತಗಡಿನ ಬೋರ್ಡು ತಂದು, ಉಣ್ಣುವವರ ಮೂಗಿಗೂ ತಾಟಿಗೂ ನಡುವೆ ಹಿಡಿದ. ತಾಟು ಕಾಣದೆ ಒಬ್ಬ ಪಕ್ಕದವನ ಬದನೆಕಾಯಿ ತಿಂದ. ಪಕ್ಕದವ ಇವನ ಕೈಯನ್ನೇ ಕಚ್ಚಿದ!

"ಬೋರ್ಡು ತಗಿಯೋ ಖೋಡಿ!"

"ಮಾವ ಹೇಳಿದಂಗ ಮಾಡೀನಿ ಬೇ!"

ಮತ್ತೆ ಫೋನು. "ಹಂಗಲ್ಲೋ! ಯಾರು ಏನು ಹುಡುಕ್ತಾರ ನೋಡು. ಒಮ್ಮೆ ಹುಡುಕಿದ್ರ ಸಾಕು, ಅವರು ಎಲ್ಲಿ ಹೋದ್ರೂ ಬೆನ್ನು ಹತ್ತಿ ಅದನ್ನs ತೋರಸು!"

ಅವತ್ತು ಈರಣ್ಣ ಮಾಸ್ತರರು ಊಟಕ್ಕೆ ಬಂದು, "ಉಪ್ಪಿನಕಾಯಿ ಐತೇನಪಾ?" ಅಂದರು. ಮುಗೀತು! ಮಾಸ್ತರರು ಕ್ಷೌರಕ್ಕೆ ಕೂತರೆ ಕನ್ನಡಿಯಲ್ಲಿ ಶಿದ್ಯಾ, ಕೈಯಲ್ಲಿ ಉಪ್ಪಿನಕಾಯಿ ಭರಣಿ. ಪಾಠ ಮಾಡಿದರೆ ಕಿಟಕಿಯಲ್ಲಿ ಭರಣಿ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಸಂದಿಯಲ್ಲೂ ಭರಣಿ! ಒದ್ದೆ ಟವೆಲಿನಲ್ಲೇ ಓಡಿ ಬಂದರು.

"ಫಕೀರವ್ವಾ, ಬೇಕಾದ್ರ ಊಟಾನs ಬಿಡ್ತೀನಿ, ಇವನ್ನ ಹಿಡ್ಕೋ ತಾಯಿ!"

ಫಕೀರವ್ವ ಅತ್ತೇಬಿಟ್ಟಳು. ಕಣ್ಣೊರೆಸಿಕೊಂಡು, "ನಾಳೆ ಹೋಳಿಗಿ ಮಾಡ್ತೀನಿ. ಮಂದಿ ಬರಲಿಲ್ಲಂದ್ರ ಖಾನಾವಳಿ ಬಂದ್!" ಅಂದಳು.

ಮರುದಿನ ತುಪ್ಪದ ವಾಸನೆಗೆ ಬೀದಿಯೇ ಸಾಲು ನಿಂತಿತು. ಒಳಗೆ ಫಕೀರವ್ವ ಹಿಗ್ಗಿ ಹಿಗ್ಗಿ ಹೋಳಿಗೆ ಬೇಯಿಸಿದಳು. ಬಾಗಿಲಲ್ಲಿ ಶಿದ್ಯಾ ಮಾವನಿಗೆ ಫೋನು ಹಚ್ಚಿದ್ದ.

"ಕಡೀ ಗುಟ್ಟು ಹೇಳ್ತೀನಿ ಕೇಳು. ನಮ್ಮ ಬಾಗಲಕ್ಕ ಬಂದವರನ್ನ ಬ್ಯಾರೆ ಅಂಗಡಿಗೆ ಕಳಸ್ಬೇಕು. ತಲಿಗಿಷ್ಟು ಅಂತ ಆ ಅಂಗಡಿಯವ ಕೊಡ್ತಾನ!"

ಹೋಳಿಗೆ ಗುಡ್ಡೆ ಬಿತ್ತು. ತಾಟು ಖಾಲಿ, ಮಣೆ ಖಾಲಿ.

"ಯಾಕೋ ಯಾರೂ ಒಳಗ ಬರವಲ್ರು?"

"ಎಲ್ಲಾರನ್ನೂ ಪರಪ್ಪನ ಹೋಟೆಲಿಗೆ ಕಳಿಸೀನಿ ಬೇ! ತಲಿಗಿಷ್ಟು ಅಂತ ಮಾತಾಗೇತಿ!"

"ಅಯ್ಯೋ ನನ್ನ ಗಿರಾಕಿಗಳೋ!" ಫಕೀರವ್ವ ಸವಟು ಹಿಡಿದು, ಸೀರೆ ಎತ್ತಿ ಕಟ್ಟಿ, ರಸ್ತೆ ದಾಟಿ ಪರಪ್ಪನ ಹೋಟೆಲಿಗೆ ನುಗ್ಗಿದಳು.

ಹಿಂದಿನಿಂದ ಶಿದ್ಯಾ ಕೂಗಿದ: "ಪರಪ್ಪಣ್ಣಾ, ನಮ್ಮವ್ವನ್ನೂ ಲೆಕ್ಕಕ್ಕ ಹಿಡೀರಿ! ಆಕಿನ್ನೂ ನಾನs ಕಳಿಸಿದ್ದು!"