ಮೂರು ದಿನದ ದಿಬ್ಬ

ಕರಿಗಲ್ಲಹಟ್ಟಿಯಿಂದ ಪಡುವಣಕ್ಕೆ ಮುಕ್ಕಾಲು ಮೈಲಿ ನಡೆದರೆ ಕೆಮ್ಮಣ್ಣಿನ ದಿಬ್ಬವೊಂದು ಸಿಗುತ್ತದೆ. ಅದರ ನೆತ್ತಿಯಲ್ಲಿ ಕುಸಿದ ಇಟ್ಟಿಗೆ ಗೋಡೆ. ಗೋಡೆಯ ನಡುವೆ ಗಾಡಿಯಷ್ಟು ದೊಡ್ಡ ಕಬ್ಬಿಣದ ಗಟ್ಟಿ. ಹೊತ್ತೊಯ್ಯಲು ಬಂದವರಿಗೆ ಅದು ಅಲುಗಿಲ್ಲ. ಊರವರು ಈ ಜಾಗವನ್ನು ಮೂರು ದಿನದ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ, ಈಗಿನ ಮುದುಕರ ಮುತ್ತಜ್ಜಂದಿರ ಕಾಲದಲ್ಲಿ, ಕೆಲ್ಸಾಲ್ ಎಂಬ ಇಂಗ್ಲಿಷ್ ದೊರೆ ಇಲ್ಲಿ ಕುಲುಮೆ ಕಟ್ಟಿಸಿದ. ಕಬ್ಬಿಣದ ಕಂಪನಿ ಅವನ ಮನೆತನದ್ದೇ. ಅಜ್ಜ ಕಟ್ಟಿದ್ದು, ಅಪ್ಪ ಬೆಳೆಸಿದ್ದು, ಈಗ ಯಜಮಾನಿಕೆ ಇವನದು. ಆ ಮನೆಯ ಕಟ್ಟಳೆ ಒಂದೇ: ಕುಲುಮೆ ಆರಬಾರದು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವನು ಗೋರಿಯಿಂದ ನೇರ ಕುಲುಮೆಗೆ ನಡೆದಿದ್ದನಂತೆ. ಇಲ್ಲಿ ಅವನ ಕೆಲಸಕ್ಕೆ ನಿಂತವರು ಊರಿನ ಅದಿರು ಕಾಯಿಸುವ ಕುಲದವರು. ಅವರ ಹಿರಿಯ ಗಾದ್ರಪ್ಪ. ತಲೆತಲಾಂತರದಿಂದ ಅವರದು ಎದೆಯೆತ್ತರದ ಮಣ್ಣಿನ ಕುಲುಮೆ. ಬೆಳಗ್ಗೆ ಹೊತ್ತಿಸಿ, ಸಂಜೆ ಒಡೆದು ಕಬ್ಬಿಣ ತೆಗೆದು, ಮರುದಿನ ಹೊಸದು ಕಟ್ಟುತ್ತಿದ್ದರು. ದೊರೆಯದು ಐದಾಳೆತ್ತರ, ಎಂಟು ಎತ್ತು ಸುತ್ತುತ್ತ ಅದರ ತಿದಿ ಊದಬೇಕು. "ಇದು ಕುಲುಮೆಯಲ್ಲ ದೊರೆ, ಹಸಿದ ಅತ್ತೆ. ಎಷ್ಟು ಬಡಿಸಿದ್ರೂ ಸಾಕು ಅನ್ನಲ್ಲ," ಎಂದು ಗಾದ್ರಪ್ಪ ನಗುತ್ತಿದ್ದ. ಅಷ್ಟು ಕನ್ನಡ ದೊರೆಗೆ ಬರುತ್ತಿತ್ತು, ಅವನೂ ನಗುತ್ತಿದ್ದ.

ಫಾಲ್ಗುಣದ ಒಂದು ಮಂಗಳವಾರ ದೊರೆಯ ಆರು ವರ್ಷದ ಮಗ ಎಂದಿನಂತೆ ಎತ್ತುಗಳಿಗೆ ಹುಲ್ಲು ಹಾಕಿ ಬಂದು, ತಲೆನೋವೆಂದು ಮಲಗಿದ. ಗುರುವಾರ ಬೆಳಗ್ಗೆ ತೀರಿಕೊಂಡ. ದಿಬ್ಬದ ಮೂಡಣಕ್ಕೆ ಮಗುವನ್ನು ಮಣ್ಣು ಮಾಡಿ ತಲೆಯೆತ್ತಿದಾಗ ದೊರೆಗೆ ತಿಳಿಯಿತು, ಸದ್ದಿಲ್ಲ. ಹದಿನಾಲ್ಕು ತಿಂಗಳಿಂದ ನಿಲ್ಲದ ತಿದಿ ನಿಂತಿತ್ತು. ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತಿದ್ದವು.

"ನೊಗ ಬಿಚ್ಚಿದ್ದು ಯಾರು?"

"ನಾವೇ," ಎಂದ ಗಾದ್ರಪ್ಪ. "ಕುಲುಮೆಯೋರ ಮನೇಲಿ ಸಾವಾದ್ರೆ ಮೂರು ದಿನ ಸೂತಕ, ತಿದಿ ಮುಟ್ಟಂಗಿಲ್ಲ. ನಿಮ್ದೂ ಕುಲುಮೆ ಮನೆ ಅಲ್ವಾ?"

ಒಳಗೆ ಕರಗಿದ ಕಬ್ಬಿಣ ತುಂಬಿತ್ತು. ಸಂಜೆಯೊಳಗೆ ಮತ್ತೆ ಊದಿದರೆ ಕುಲುಮೆ ಉಳಿಯುತ್ತಿತ್ತು. ಇಲ್ಲವಾದರೆ ಕಬ್ಬಿಣ ಅದರ ಹೊಟ್ಟೆಯಲ್ಲೇ ಹೆಪ್ಪುಗಟ್ಟಿ ಮುಂದೆಂದೂ ಹೊತ್ತಿಸುವಂತಿರಲಿಲ್ಲ. ದಿನವೂ ಒಡೆದು ಕಟ್ಟುವವರಿಗೆ ಇದು ತಿಳಿದಿರಲಿಲ್ಲ. ದೊರೆಗೆ ತಿಳಿದಿತ್ತು. ಮನೆತನದ ಆಸ್ತಿಯೆಲ್ಲ ಈ ಕುಲುಮೆಯಲ್ಲಿತ್ತು. ಅವನು ಎತ್ತುಗಳ ಕಡೆ ನೋಡಿದ, ಆಮೇಲೆ ಟೋಪಿ ತೆಗೆದು ಗಾದ್ರಪ್ಪನ ಪಕ್ಕ ನೆಲದ ಮೇಲೆ ಕೂತ ಎನ್ನುತ್ತಾರೆ. ಮೂರು ದಿನವೂ ಅವರ ನಡುವೆ ಕೂತ. ಹೆಂಗಸರು ತಂದ ಅಂಬಲಿ ಕುಡಿದ.

ನಾಲ್ಕನೆಯ ಬೆಳಗ್ಗೆ ಗಾದ್ರಪ್ಪ ಕುಲುಮೆಯ ಬಾಯಿಗೆ ಹಾರೆ ಹಾಕಿದ. ಹಾರೆ ಠಣ್ಣೆಂದು ಹಿಂದಕ್ಕೆ ಬಂತು.

"ಗೊತ್ತಿತ್ತಾ, ದೊರೆ?"

"ಗೊತ್ತಿತ್ತು."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನನ್ನಪ್ಪ ಸತ್ತಾಗ ಯಾರೂ ತಿದಿ ನಿಲ್ಲಿಸಲಿಲ್ಲ," ಎಂದನಂತೆ ದೊರೆ.

ಕಂಪನಿ ಮುಚ್ಚಿತು. ಮುಂಗಾರಿಗೆ ಮುಂಚೆಯೇ ಅವನು ಹಡಗು ಹತ್ತಿದ.

ಇಂದು ಅಲ್ಲಿಗೆ ಹೋದವರಿಗೆ ಆ ಗಟ್ಟಿ ಕಾಣುತ್ತದೆ, ಮೂಡಣ ಇಳಿಜಾರಿನಲ್ಲಿ ಮೂರೂವರೆ ಅಡಿ ಉದ್ದದ ಸಮಾಧಿಯೂ ಕಾಣುತ್ತದೆ. ದಿಬ್ಬದ ಬುಡದಲ್ಲಿ ಗಾದ್ರಪ್ಪನ ವಂಶದವರದೊಂದು ಕಮ್ಮಾರಸಾಲೆ ಇದೆ. ತಿದಿಯ ಬದಲು ಈಗ ಕರೆಂಟಿನ ಬ್ಲೋವರ್. ಕಳೆದ ಕಾರ್ತಿಕದಲ್ಲಿ, ಕುಲುಮೆ ಮನೆಯವರಲ್ಲದ ಶಾಲೆಯ ಮೇಷ್ಟರ ಮಗಳು ತೀರಿಕೊಂಡಾಗಲೂ ಅದು ಮೂರು ದಿನ ನಿಂತಿತ್ತು.