ಕೇಜಿನ ಗಂಟೆ

ಚಿನ್ನದ ಗಣಿಯ ಆಳದಲ್ಲಿ ಪಾಳಿ ಮುಗಿದಿತ್ತು. ಆಳುಗಳನ್ನು ಮೇಲೆ ಎಳೆಯುವ ಕಬ್ಬಿಣದ ಪಂಜರದಂಥ ಕೇಜಿನಲ್ಲಿ ನಿಂತು ಬಿಳಿ ದೊರೆ ಗುಡುಗಿದ: "ನನ್ನ ಜೊತೆ ಕರಿಯರು ಬರಕೂಡದು. ಎಲ್ಲ ಇಳೀರಿ!"

ಆಳುಗಳೆಲ್ಲ ಇಳಿದರು. ಕಾರ್ಮಿಕ ಸಂಘ ಕಟ್ಟಿದ ಮುನಿಶಾಮಪ್ಪನೂ ಇಳಿದ. ಮೇಲಿನ ಯಂತ್ರದವನಿಗೆ ಅವನು ಗಂಟೆ ಹೊಡೆದು ಸೂಚನೆ ಕೊಡದೆ ಕೇಜು ಅಲ್ಲಾಡದು.

"ನೀನ್ಯಾಕೆ ಇಳಿದೆ? ಗಂಟೆ ಹೊಡಿ!"

"ನಾನೂ ಕರಿಯನೇ ದೊರೆ. ಮೇಲೆ ಯಂತ್ರ ತಿರುಗಿಸೋನೂ ನಮ್ಮ ಸಂಘದ ಕರಿಯನೇ. ನಿಮಗೆ ಮೈಲಿಗೆ ಆದೀತು! ಪಕ್ಕದಲ್ಲೇ ಏಣಿ ಇದೆ. ಮೂರೇ ಸಾವಿರ ಅಡಿ."

ದೊರೆ ಕತ್ತೆತ್ತಿ ಏಣಿ ನೋಡಿದ. ತನ್ನ ಹೊಟ್ಟೆ ನೋಡಿಕೊಂಡ. ಮೂಲೆಗೆ ಸರಿದು, "ಬಾ," ಎಂದು ಗೊಣಗಿದ.

"ಯಾರು ದೊರೆ, ನಾನೊಬ್ಬನೇ?"

"ಎಲ್ಲರೂ ಬನ್ನಿ!"

ಇಪ್ಪತ್ತು ಜನ ಭುಜಕ್ಕೆ ಭುಜ ತಾಗಿಸಿ ಹತ್ತಿದರು. ಮುನಿಶಾಮಪ್ಪ ಎದೆಯುಬ್ಬಿಸಿ ಗಂಟೆ ಹೊಡೆದ.

ಮರುದಿನ ದೊರೆ ಬರುವಷ್ಟರಲ್ಲಿ ಕೇಜು ತುಂಬಿತ್ತು. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ: "ನನಗೊಂದಿಷ್ಟು ಜಾಗ ಇದೆಯೇನಪ್ಪಾ?"