ಲಾಯದ ಹಿಂದಿನ ಮದುವೆ

"ಬುದ್ಧಿ, ನನ್ನ ತಂಗಿ ಮನೆಯಲ್ಲಿ ಹೇಳದೆ ಕೇಳದೆ ಯಾರನ್ನೋ ಮದುವೆಯಾಗಿಬಿಟ್ಟಿದ್ದಾಳೆ. ತಾವು ಪೀಠದ ಮೇಲೆ ಕೂತು ಒಂದು ಮಾತು ಅಪ್ಪಣೆ ಕೊಡಿಸಿದರೆ ಆ ಮದುವೆ ಮುರಿಯುವುದಿಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಹೇಳಿದರು:

ಬಹಳ ಹಿಂದೆ ರೋಮಿನಲ್ಲಿ ಒಬ್ಬ ಪೋಪ್ ಇದ್ದರು. ಕ್ರೈಸ್ತರಿಗೆಲ್ಲ ಜಗದ್ಗುರು. ನನ್ನ ಹಾಗೆ ಒಂದು ಮಠಕ್ಕಲ್ಲ, ಹತ್ತಾರು ರಾಜ್ಯಗಳಿಗೆ. ಒಂದು ಕಾಗದ ಬರೆದು ಒಬ್ಬ ರಾಜನನ್ನು ಸಿಂಹಾಸನದಿಂದ ಇಳಿಸಿದರು. ಇನ್ನೊಂದು ಕಾಗದಕ್ಕೆ ಒಂದು ನಾಡಿನ ಚರ್ಚುಗಳೆಲ್ಲ ಬಾಗಿಲು ಮುಚ್ಚಿ ಕೂತವು, ಗಂಟೆ ಹೊಡೆಯುವವನೂ ಮನೆಗೆ ಹೋದ.

ಅವರು ತಮ್ಮನ ಮಗಳನ್ನು ಒಬ್ಬ ದೊರೆಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. ದೊರೆಯ ದಿಬ್ಬಣ ಹೊರಟೂ ಆಗಿತ್ತು. ಆಗ ಹುಡುಗಿ ಬಂದು, ಲಾಯದಲ್ಲಿ ಕುದುರೆ ಮಾಲೀಸು ಮಾಡುವವನನ್ನು ತಾನು ಆಗಲೇ ಮದುವೆಯಾಗಿದ್ದೇನೆ ಎಂದಳು. ಪಾದ್ರಿ ಇಲ್ಲ, ಸಾಕ್ಷಿ ಇಲ್ಲ. ಲಾಯದ ಹಿಂದೆ ನಿಂತು "ನೀನೇ ನನ್ನ ಗಂಡ", "ನೀನೇ ನನ್ನ ಹೆಂಡತಿ" ಎಂದುಕೊಂಡಿದ್ದರು, ಅಷ್ಟೇ.

ಪೋಪ್ ಕೆಂಡವಾದರು. ಮದುವೆ ನಡೆದೇ ಇಲ್ಲವೆಂದು ಬರೆಯಿರಿ ಎಂದು ಪಂಡಿತರಿಗೆ ಹೇಳಿದರು. ಪಂಡಿತರು ಎರಡು ದಿನ ಗ್ರಂಥ ತಿರುವಿ, ತಲೆ ಕೆರೆದುಕೊಂಡು ಬಂದರು. ಗಂಡು ಹೆಣ್ಣು ಒಪ್ಪಿ ಬಾಯಿಬಿಟ್ಟು ಹೇಳಿದರೆ ಮದುವೆ ಆದಂತೆಯೇ, ಅದನ್ನು ಯಾರೂ ಅಳಿಸಲಾಗದು ಎಂದು ಅಲ್ಲಿತ್ತು.

"ಯಾವ ಮೂರ್ಖ ಬರೆದದ್ದು ಇದನ್ನ?"

ಪಂಡಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೆಳಗೆ ತಮ್ಮದೇ ಮುದ್ರೆ ಇದೆ, ಪ್ರಭು" ಎಂದರು.

ಪೋಪ್ ದಾರಿ ಬದಲಿಸಿದರು. ಹುಡುಗಿಯನ್ನು ಹತ್ತಿರ ಕರೆದು, "ಸಾಕ್ಷಿ ಯಾರೂ ಇಲ್ಲ ಮಗಳೇ. ಹಾಗೆ ಹೇಳೇ ಇಲ್ಲ ಅಂದುಬಿಡು. ಸುಳ್ಳಿನ ಪಾಪಕ್ಕೆ ನಾನೇ ಇಲ್ಲೇ ಕ್ಷಮೆ ಕೊಟ್ಟುಬಿಡ್ತೀನಿ" ಎಂದರು.

"ಪಾಪ ಹೋಗುತ್ತೆ ದೊಡ್ಡಪ್ಪ. ಗಂಡ ಹೋಗ್ತಾನಾ?"

ರಾಜನನ್ನೇ ಇಳಿಸಿದ್ದ ಪೋಪ್, ಕ್ಷಮೆಗೆಂದು ಎತ್ತಿದ್ದ ಕೈಯನ್ನು ತಾವೇ ಇಳಿಸಿದರು. ಆ ಮುದುಕರನ್ನು ನೆನೆದರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ. ದೊರೆಯ ದಿಬ್ಬಣ ಬಂತು, ಸಂಗತಿ ತಿಳಿದು ಬೈದಾಡಿತು, ಆದರೂ ಊಟ ಮುಗಿಸಿಯೇ ಹಿಂದಿರುಗಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಪೋಪ್ ಏನು ಮಾಡಿದರು, ಬುದ್ಧಿ?"

"ಹುಡುಗನನ್ನು ಕರೆಸಿ ಹೆಸರು ಕೇಳಿದರು. ನಿನ್ನ ತಂಗಿಯ ಗಂಡನ ಹೆಸರೇನು, ಮರಿ?"

ಶಿಷ್ಯನಿಗೆ ಗೊತ್ತಿರಲಿಲ್ಲ.